ಎರಡು ವಾರ ಕಟ್ಟಿದ ಪಟ್ಟಿ

ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಆ ನರ್ಸನ್ನು ಎಲ್ಲರೂ ಪಟ್ಟಿ ಅಕ್ಕ ಎಂದೇ ಕರೆಯುತ್ತಿದ್ದರು. ಮಾತು ಒರಟು, ಕೈ ಮೆದು. ಅರೆಬರೆ ಕೆಲಸ ಕಂಡರೆ ಮಾತ್ರ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ತಾಯಿ ತೀರಿಕೊಂಡ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದ ತಮ್ಮ ಅಂಚೆಯವನಾಗಿದ್ದ. ಸಕ್ಕರೆ ಕಾಯಿಲೆಯಿಂದ ಅವನ ಅಂಗಾಲಲ್ಲಾದ ಹುಣ್ಣು ಒಂದೂವರೆ ವರ್ಷದಿಂದ ಜಪ್ಪಯ್ಯ ಅಂದರೂ ಮಾಯುತ್ತಿರಲಿಲ್ಲ. ಅಷ್ಟರಲ್ಲಿ ಆಸ್ಪತ್ರೆಗೆ ಹೊಸ ಔಷಧಿಯ ಪ್ರಯೋಗ ಬಂತು. ಜೀವಕೋಶಗಳು ಕಣ್ಣಿಗೆ ಕಾಣದಷ್ಟು ಚಿಕ್ಕ ಚೀಲಗಳನ್ನು ಹೊರಬಿಡುತ್ತವಂತೆ. ಗಾಯ ಕೂಡಿಸುವ ಸರಕು ಅವುಗಳಲ್ಲಿ ಹೆಚ್ಚು ತುಂಬುವಂತೆ ಆ ಕೋಶಗಳನ್ನೇ ಪಳಗಿಸಿ, ಸಿಕ್ಕ ಚೀಲಗಳನ್ನು ಜೆಲ್‌ನಲ್ಲಿ ಬೆರೆಸಿ ಹುಣ್ಣಿಗೆ ಹಚ್ಚುವುದು. ತಮ್ಮನ ಕಾಲು ಉಳಿಯಬೇಕಾದರೆ ಇದೊಂದೇ ದಾರಿ ಎಂದು ಅಕ್ಕ ನಂಬಿದಳು.

ಆದರೆ ಒಂದು ನಿಯಮವಿತ್ತು. ಮೊದಲ ಎರಡು ವಾರ ಕೆಲಸಕ್ಕೆ ರಜೆ ಹಾಕಿ, ಬರೀ ಮಾಮೂಲಿ ಪಟ್ಟಿ. ಅಷ್ಟಕ್ಕೇ ಹುಣ್ಣು ಮೂರನೇ ಒಂದು ಭಾಗ ಕುಗ್ಗಿತೆಂದರೆ ಅದು ತಾನಾಗಿ ಮಾಯುವ ಹುಣ್ಣು. ಅಂಥವರಿಗೆ ಪ್ರಯೋಗದಲ್ಲಿ ಜಾಗವಿಲ್ಲ.

"ಅಕ್ಕಾ, ಜನ್ಮದಲ್ಲಿ ಒಂದ್ಸಲ ಸೋಮಾರಿ ಆಗು. ಎರಡೇ ವಾರ," ತಮ್ಮ ನಗುತ್ತ ಹೇಳಿದ.

"ಆಯ್ತು ಬಿಡೋ, ಕಣ್ಮುಚ್ಕೊಂಡು ಸುತ್ತಿಬಿಡ್ತೀನಿ."

ಹೇಳಿದಷ್ಟು ಸುಲಭವೇ? ಪಟ್ಟಿ ಬಿಚ್ಚಿದೊಡನೆ ಹುಣ್ಣಿನ ಅಂಚಿನಲ್ಲಿ ಸತ್ತ ಚರ್ಮ ಕಂಡಿತು. ಹಾಗೇ ಬಿಡೋಣವೆಂದರೆ ಮನಸ್ಸು ಕೇಳಲಿಲ್ಲ. ಕೆರೆದು ತೆಗೆದಳು, ತೊಳೆದಳು, ಭಾರ ಬೀಳದಂತೆ ಮೆತ್ತೆಯಿಟ್ಟು ಕಟ್ಟಿದಳು. ದಿನ ಬಿಟ್ಟು ದಿನ ಇದೇ ಕಥೆ. ಹದಿನಾಲ್ಕನೇ ದಿನ ಡಾಕ್ಟರು ಹುಣ್ಣಿನ ಮೇಲೆ ಪಾರದರ್ಶಕ ಹಾಳೆಯಿಟ್ಟು, ಅಂಚು ಗೀಚಿ, ಅಳೆದರು. ಅರ್ಧಕ್ಕರ್ಧ ಕುಗ್ಗಿತ್ತು.

"ಭೇಷ್! ನಿಮ್ಮ ತಮ್ಮನಿಗೆ ನಮ್ಮ ಔಷಧಿ ಬೇಕಾಗೇ ಇಲ್ಲ," ಎಂದು ಹೆಸರು ಹೊಡೆದುಹಾಕಿದರು.

"ಇದು ನಿಲ್ಲಲ್ಲ ಸಾರ್, ಮತ್ತೆ ಬಾಯಿ ಬಿಡುತ್ತೆ. ದಮ್ಮಯ್ಯ ಅಂತೀನಿ."

"ನಿಯಮ ನಾನು ಮಾಡಿದ್ದಲ್ಲಮ್ಮ."

ತಮ್ಮ ಮತ್ತೆ ಟಪಾಲು ಹಂಚುತ್ತ ಬೀದಿ ಬೀದಿ ನಡೆದ. ಎರಡೇ ತಿಂಗಳಲ್ಲಿ ಹುಣ್ಣು ಬಾಯ್ತೆರೆಯಿತು, ಈ ಸಲ ಎಲುಬಿನವರೆಗೆ. ಪ್ರಯೋಗದ ಜಾಗಗಳೆಲ್ಲ ಆಗಲೇ ತುಂಬಿದ್ದವು. ಕಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದರು. ಆ ಜೆಲ್ ಹಚ್ಚಿದ್ದರೆ ಕಾಲು ಉಳಿಯುತ್ತಿತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಪಟ್ಟಿ ಅಕ್ಕನ ಕಿವಿಗೆ ಆ 'ಇಲ್ಲವೋ' ಬೀಳಲೇ ಇಲ್ಲ.

ಮೂರನೇ ದಿನ ಟ್ರೇ ಹಿಡಿದು ಅವನ ಮಂಚದ ಬಳಿ ಹೋದಳು. ತಮ್ಮ ಗೋಡೆಯ ಕಡೆಗೆ ಹೊರಳಿದ.

"ನೀನು ಬೇಡ ಅಕ್ಕಾ. ಚೆನ್ನಾಗೇ ಕಟ್ತೀಯ, ನಂಗೊತ್ತು. ಆದ್ರೂ ನೀನು ಬೇಡ."

ಅವಳು ಟ್ರೇಯನ್ನು ಇನ್ನೊಬ್ಬ ನರ್ಸಿನ ಕೈಗಿಟ್ಟು, ಹೊರಗಿನ ಬೆಂಚಿನ ಮೇಲೆ ಕುಳಿತು, ಹೋಗಿಬರುವವರ ಎದುರೇ ಬಿಕ್ಕಿ ಬಿಕ್ಕಿ ಅತ್ತಳು.