ನನ್ನ ತಪ್ಪಲ್ಲ, ಫ್ರೀವೀಲಿನದು

ಇವತ್ತು ಸೈಕಲ್ ಅಂಗಡಿಯ ಮುಂದೆ ಗ್ರೀಸಿನ ವಾಸನೆ ಬಂದದ್ದೇ ತಡ, ಹಳೆಯ ಸಿಟ್ಟು ನೆತ್ತಿಗೇರಿತು.

ಸವಡಿಯಿಂದ ರೋಣದ ಶಾಲೆಗೆ ನಾನು ಅಣ್ಣ ಬಿಟ್ಟ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಜೋರಾಗಿ ತುಳಿದರೆ ಚೈನು ಜಾರಿ ಪೆಡಲ್ ಖಾಲಿ ತಿರುಗುತ್ತಿತ್ತು. ಒಮ್ಮೆ ಹಾಗೆಯೇ ಬಿದ್ದು ಗದ್ದ ಒಡೆದುಕೊಂಡೆ.

"ನಿನಗ ತುಳಿಯಾಕ ಬರಂಗಿಲ್ಲ. ಸಾಲಿ ಬಿಡು," ಎಂದ ಅಪ್ಪ.

ಮರುದಿನ ಸೈಕಲ್ಲನ್ನು ರಿಪೇರಿಯ ಹುಸೇನ್ ಕಾಕಾರ ಬಳಿಗೆ ತಳ್ಳಿಕೊಂಡು ಹೋದೆ. ಅವರು ಚೈನು ಬಿಚ್ಚಿ, ಹಿಂದಿನ ಗಾಲಿಯ ಹಲ್ಲುಚಕ್ರದ ಮೇಲೆ ಬೆರಳಾಡಿಸಿದರು.

"ಚೈನ್ ಚಲೋ ಐತವ್ವಾ. ಈ ಫ್ರೀವೀಲ್ ಸವದೈತಿ, ಅದಕ್ಕ ಜಾರತೈತಿ. ನಿಮ್ಮಪ್ಪಗ ಹ್ವಾದ ವರ್ಷನ ಹೇಳೀನಿ."

ಮನೆಗೆ ಬಂದು ಕೇಳಿದೆ, "ಅಪ್ಪಾ, ನಿನಗ ಗೊತ್ತಿತ್ತೇನು?"

"ಹೆಣ್ಣಹುಡುಗಿ ಎಷ್ಟ ದಿನ ತುಳೀತಾಳ ಅಂತ ಬಿಟ್ಟೆ," ಎಂದ, ತಲೆ ಎತ್ತದೆ.

ನಾನು ಶಾಲೆ ಬಿಡಲಿಲ್ಲ. ಹತ್ತನೆಯ ತರಗತಿ ಮುಗಿಯುವವರೆಗೂ ನಡೆದೇ ಹೋದೆ. ಅಪ್ಪನಿಗೆ ಈಗ ಅದು ಯಾವುದೂ ನೆನಪಿಲ್ಲವಂತೆ. ನನಗಿದೆ.