ಲೂಸಿಬಾಯಿಯ ಅಡುಗೆ ಪುಸ್ತಕ

ಹೊಲಿಗೆ ಬಿಟ್ಟ ಹಳೆಯ ನೋಟ್‌ಬುಕ್ಕೊಂದನ್ನು ಬೈಂಡಿಂಗಿಗೆ ಕೊಡೋಣವೆಂದು ಹೋದರೆ ಅಂಗಡಿಯವರು ಅದನ್ನು ಮೂಸಿ ನೋಡಿ ನಕ್ಕರು. "ಅಕ್ಕ, ಇದರಲ್ಲೇ ಮೀನಿನ ಸಾರು ಮಾಡಿದ್ದಾ ಎಂತ? ಮನೆಗೆ ತಗೊಂಡು ಹೋಗಿ ಎಲ್ಲ ಪುಟಕ್ಕೂ ನಂಬರ್ ಹಾಕಿ ತನ್ನಿ. ಇಲ್ಲದಿದ್ದರೆ ಬಿಚ್ಚಿದ ಮೇಲೆ ನಿಮ್ಮ ಪಾಯಸಕ್ಕೆ ನಾನು ಒಗ್ಗರಣೆ ಹಾಕಿಯೇನು!"

ಹಾಗಾಗಿ ಬೆಳಗ್ಗಿನಿಂದ ಪೆನ್ಸಿಲ್ ಹಿಡಿದು ಕೂತಿದ್ದೇನೆ. ಇಂಥ ಕೆಲಸ ಹೇಗೆ ಸಾಗುತ್ತದೆಂದು ನಿಮಗೂ ಗೊತ್ತಿರಬಹುದು. ಹನ್ನೊಂದನೆಯ ಪುಟಕ್ಕೆ ಬರುವಷ್ಟರಲ್ಲಿ ನಂಬರ್ ನಿಂತು ಓದು ಶುರುವಾಗಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಮಂಗಳೂರಿನ ಕೊಟ್ಟಾರಕ್ಕೆ ಬಂದೆ. ಒಂಬತ್ತನೆಯ ವಯಸ್ಸಿಗೇ ಅಮ್ಮನನ್ನು ಕಳೆದುಕೊಂಡು ಹಾಸ್ಟೆಲಿನಲ್ಲಿ ಬೆಳೆದವಳು. ಅಡುಗೆಮನೆಯಲ್ಲಿ ನನಗೆ ಧೈರ್ಯವಾಗಿ ಮಾಡಲು ಬರುತ್ತಿದ್ದ ಕೆಲಸವೆಂದರೆ ನೀರು ಕುದಿಸುವುದು ಮಾತ್ರ. ಒಂದು ದಿನ ಹುರುಳಿ ಸೀದು, ಹೊಗೆ ಬೇಲಿ ದಾಟಿ ಪಕ್ಕದ ಮನೆಗೆ ಹೋಯಿತು. ಅದರ ಬೆನ್ನಿಗೇ ಆ ಮನೆಯಿಂದ ಲೂಸಿಬಾಯಿ ಬಂದರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಕೊಂಕಣಿ ಕ್ರೈಸ್ತ ಹೆಂಗಸು. ಪಾತ್ರೆಯೊಳಗೆ ಇಣುಕಿ, "ಇದು ಹೋಯ್ತು ಮಗಾ, ಇದರ ಆಸೆ ಬಿಡು," ಎಂದವರು ಮರುದಿನ ಓದಿ ಕೊಡೆಂದು ಈ ಪುಸ್ತಕ ತಂದು ಕೈಗಿತ್ತರು.

ಲಿಪಿ ಕನ್ನಡ, ಭಾಷೆ ಕೊಂಕಣಿ. ಎಲ್ಲವನ್ನೂ ಓದಬಲ್ಲೆ, ಏನೂ ಅರ್ಥವಾಗುವುದಿಲ್ಲ! ಬಾಳೆಹಣ್ಣಿನ ಹಲ್ವಕ್ಕೆ ಚಿಟಿಕೆ 'ಮೀಟ್' ಹಾಕಬೇಕೆಂದು ಬರೆದಿತ್ತು. "ಹಲ್ವಕ್ಕೆ ಮಾಂಸ ಹಾಕ್ತಾರಾ ಬಾಯಿ?" ಎಂದು ಕೇಳಿಬಿಟ್ಟೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕೊಂಕಣಿಯಲ್ಲಿ ಮೀಟ್ ಎಂದರೆ ಉಪ್ಪು.

ಅಂದಿನಿಂದ ಮಧ್ಯಾಹ್ನ ಅವರ ಜಗಲಿಯಲ್ಲಿ ಓದು. ಅದರಲ್ಲಿ ಅಳತೆಗಿಂತ ಜನರೇ ಹೆಚ್ಚು. ಮಾತು ಬಿಟ್ಟ ಇಬ್ಬರು ನಾದಿನಿ ಅತ್ತಿಗೆಯರು ಹಬ್ಬದ ದಿನ ಒಂದೇ ಸಾರಿಗೆ ಒಬ್ಬರಿಗೊಬ್ಬರು ಹೇಳದೆ ಉಪ್ಪು ಹಾಕಿದ್ದರಂತೆ. ಆ ಸಾರಿನ ವಿಧಾನದ ಕೆಳಗೆ ಮನೆಯ ಕಾನೂನೊಂದಿತ್ತು: ಉಪ್ಪು ಹಾಕಿದವರು ಸೌಟನ್ನು ಮುಚ್ಚಳದ ಮೇಲಿಡಬೇಕು. ನನಗೆ ಮೊದಲು ರುಚಿಸಿದ್ದು ಈ ಕಥೆಗಳು. ಅಡುಗೆ ನಿಧಾನವಾಗಿ ಅವುಗಳ ಹಿಂದೆ ಬಂತು. ಗಂಡ ಎರಡನೆಯ ಸಲ ಬಡಿಸಿಕೊಂಡ ದಿನ ನಾನು ಬೇಲಿಯ ಹತ್ತಿರ ಓಡಿಹೋಗಿ ವರದಿ ಒಪ್ಪಿಸಿದ್ದೆ.

ಒಂದು ಮಧ್ಯಾಹ್ನ ಲೂಸಿಬಾಯಿ ಖಾಲಿ ಪುಟ ತೆರೆದು, "ಇಲ್ಲಿ ನಿನ್ನ ಅಮ್ಮನದ್ದು ಬರೆ," ಎಂದರು.

"ನನಗೆ ಎಂತದೂ ನೆನಪಿಲ್ಲ ಬಾಯಿ."

"ಎಂತ ಮಾಡ್ತಿದ್ರು?"

"ಮರುವಾಯಿ ಪುಂಡಿ." ಚಿಪ್ಪುಮೀನಿನ ಗಟ್ಟಿ ಸಾರಿನಲ್ಲಿ ಅದ್ದಿದ ಪುಟ್ಟ ಅಕ್ಕಿ ಉಂಡೆಗಳು.

"ಉಂಡೆ ಹೇಗಿತ್ತು?"

"ಗುಂಡಗೆ." ಆಮೇಲೆ, ಎಲ್ಲಿಂದ ಬಂತೋ ಗೊತ್ತಿಲ್ಲ, "ಇಲ್ಲ, ನಡುವೆ ಒಂದು ಹೊಂಡ ಉಂಟು," ಎಂದೆ. ಅಮ್ಮನ ಮುಖ ಫೋಟೋದಲ್ಲಿ ಬಿಟ್ಟರೆ ನನಗೆ ನೆನಪಿರಲಿಲ್ಲ. ಆ ಹೊಂಡ ನೆನಪಿತ್ತು.

"ಉಳಿದದ್ದು ಯಾರಿಗೆ ಗೊತ್ತುಂಟು?"

ದೊಡ್ಡಮ್ಮನಿಗೆ. ಅಮ್ಮನ ಅಕ್ಕ. ಪಣಂಬೂರಿನ ಮನೆಯನ್ನು ಬಂದರು ಕಟ್ಟಲೆಂದು ಸರಕಾರ ತೆಗೆದುಕೊಂಡ ಮೇಲೆ ಕಾಟಿಪಳ್ಳದಲ್ಲಿದ್ದರು. ಆದರೆ ಅಮ್ಮ ತೀರಿದ ದಿನ ಅವರು ಅಪ್ಪನಿಗೆ ಒಂದು ಮಾತು ಹೇಳಿದ್ದರು: ಡಾಕ್ಟರಿಗೆ ಮೊದಲೇ ತೋರಿಸಬೇಕಿತ್ತು. ಅಪ್ಪ ಅಂದೇ ಆ ಮನೆಯ ದಾರಿ ಬಿಟ್ಟರು. ನನ್ನ ಮದುವೆಗೂ ಕರೆಯಲಿಲ್ಲ. "ಅಪ್ಪನಿಗೆ ಗೊತ್ತಾದರೆ?" ಎಂದೆ.

"ರೆಸಿಪಿ ಕೇಳ್ಲಿಕ್ಕೆ ಹೋದದ್ದು ಅಂತ ನಾನು ಹೇಳ್ತೇನೆ. ಸುಳ್ಳಲ್ಲವಲ್ಲ?"

ಆ ಶನಿವಾರ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಹಿಂದಿರುಗುವ ನೆಪ ಹುಡುಕುತ್ತಿದ್ದೆ, ಲೂಸಿಬಾಯಿ ಕಡಲೆ ತಿನ್ನುತ್ತಿದ್ದರು. ಬಾಗಿಲು ತೆರೆದ ದೊಡ್ಡಮ್ಮ ನನ್ನನ್ನು ನೋಡಿಯೇ ನೋಡಿದರು. ಯಾರೆಂದು ಕೇಳಲಿಲ್ಲ. "ಬಲ ಮಗಾ," ಎಂದು ಒಳಗೆ ಕರೆದವರು ಬಾಗಿಲ ಚೌಕಟ್ಟನ್ನು ಹಿಡಿದು ಅಲ್ಲೇ ಕೂತುಬಿಟ್ಟರು.

ಅಳು ಮುಗಿದು ಚಹಾ ಕುಡಿದ ಮೇಲೆ ಪುಂಡಿಯ ವಿಷಯ ಬಂತು. ದೊಡ್ಡಮ್ಮ ಅಕ್ಕಿ ಹಿಟ್ಟು ಕಾಯಿಸಿ ಗಟ್ಟಿ ಮಾಡಿ, ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒಂದೊಂದನ್ನೇ ಮೆಲ್ಲ ಒತ್ತಿದರು.

"ನಮ್ಮ ಮನೆಯಲ್ಲಿ ಹೀಗೆ ಒತ್ತುವ ಕ್ರಮವೇ ಇರಲಿಲ್ಲ," ಎಂದರು. "ನೀನು ಸಣ್ಣದಿರುವಾಗ ಉಂಡೆ ಹಿಡಿಯಲಿಕ್ಕೆ ಹೋದರೆ ಬಟ್ಟಲಿಂದ ಉರುಳಿ ಹೋಗ್ತಿತ್ತು. ನೀನು ಕೂಗುವುದು. ಅದಕ್ಕೆ ನಿನ್ನ ಅಮ್ಮ ಹೊಂಡ ಮಾಡಿದ್ದು. ನಿನ್ನ ಬೆರಳು ನಿಲ್ಲಲಿ ಅಂತ ಮಾರಾಯ್ತಿ!"

ಪುಸ್ತಕದ ಆ ಖಾಲಿ ಪುಟದಲ್ಲಿ ಬರೆದುಕೊಳ್ಳುತ್ತಿದ್ದ ನಾನು ನಿಲ್ಲಿಸಿದೆ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಉಳಿದದ್ದನ್ನು ಲೂಸಿಬಾಯಿ ಬರೆದರು.

ಮುಂದಿನ ತಿಂಗಳು ಅಪ್ಪ ಬಂದಾಗ ಅದನ್ನೇ ಮಾಡಿ ಬಡಿಸಿದೆ. ಅವರು ಒಂದು ಉಂಡೆಯನ್ನು ಬೆರಳಲ್ಲಿ ಹಿಡಿದು ಅದರ ಹೊಂಡವನ್ನು ಹೆಬ್ಬೆರಳಿನಿಂದ ಸವರಿದರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಕೊನೆಗೆ ತಲೆಯೆತ್ತದೆ, "ಕಾಟಿಪಳ್ಳದವರು ಸೌಖ್ಯವಾ?" ಎಂದು ಕೇಳಿದರು. ಆ ವರ್ಷದ ದೀಪಾವಳಿಗೆ ದೊಡ್ಡಮ್ಮ ನಮ್ಮ ಮನೆಯಲ್ಲಿದ್ದರು. ಅಪ್ಪ ಮತ್ತು ಅವರು ಬೆಲೆಯೇರಿಕೆಯ ಬಗ್ಗೆ ಬಹಳ ಗಂಭೀರವಾಗಿ ಮಾತಾಡಿದರು.

ಎಂಬತ್ತರ ದಶಕದಲ್ಲಿ ಲೂಸಿಬಾಯಿ ತೀರಿಕೊಂಡರು. ಮಸ್ಕತ್ತಿನಲ್ಲಿ ನರ್ಸ್ ಆಗಿದ್ದ ಅವರ ಮಗಳು ಬಂದಾಗ ಈ ಪುಸ್ತಕವನ್ನು ನನಗೇ ಕೊಟ್ಟು ಹೋದಳು. ಪುಂಡಿಯ ವಿಧಾನ ಬಾಯಿಪಾಠವಾಗಿದ್ದರಿಂದ ಆ ಹಾಳೆಯನ್ನು ಇಷ್ಟು ವರ್ಷ ಮಗುಚಿಯೇ ಇರಲಿಲ್ಲ. ಇವತ್ತು ನಂಬರ್ ಹಾಕಲೆಂದು ಮಗುಚಿದೆ. ಹಿಂಬದಿಯಲ್ಲಿ ಲೂಸಿಬಾಯಿಯ ಅಕ್ಷರ. ಈಗ ನನಗೆ ಕೊಂಕಣಿ ಬರುತ್ತದೆ. 'ಆಮ್ಚೆಂ ಚೆಡುಂ' ಎಂದರೆ ನಮ್ಮ ಹುಡುಗಿ. ಬಾಯಿ ಬರೆದಿದ್ದಾರೆ: "ನಮ್ಮ ಹುಡುಗಿಯ ತಾಯಿಯ ಪುಂಡಿ ಇದು. ಆಕೆಯನ್ನು ನಾನು ಕಂಡಿಲ್ಲ. ಇದನ್ನು ಮಾಡುವಾಗಲೆಲ್ಲ ಆಕೆಗಾಗಿ ಒಂದು ಪ್ರಾರ್ಥನೆ ಹೇಳುತ್ತೇನೆ."

ಅಂದರೆ ಬೇಲಿಯಾಚೆಯ ಆ ಅಡುಗೆಮನೆಯಲ್ಲಿ, ನನಗೆ ಗೊತ್ತೇ ಇಲ್ಲದೆ, ಎಷ್ಟು ಸಲ ನನ್ನ ಅಮ್ಮನ ನೆನಪಾಗಿತ್ತೋ!

ಪೆನ್ಸಿಲ್ ಕೆಳಗಿಟ್ಟು ಕಾಟಿಪಳ್ಳಕ್ಕೆ ಫೋನ್ ಮಾಡಿದೆ. ದೊಡ್ಡಮ್ಮನ ಮಗಳು ಎತ್ತಿದಳು. ಪೀಠಿಕೆಯಿಲ್ಲದೆ ಆ ಸಾಲುಗಳನ್ನು ಓದಿ ಹೇಳಿದೆ.

"ಅಕ್ಕ," ಎಂದಳು, "ಇನ್ನೊಮ್ಮೆ ಓದು."