ಮುದ್ದೆ ನುಂಗುವ ಪಾಠ

ನಿನ್ನೆ ಮಗಳನ್ನು ಕರೆದುಕೊಂಡು ಹೊಸೂರಿನ ಹತ್ತಿರದ ವಿಶ್ವವಿದ್ಯಾಲಯವೊಂದಕ್ಕೆ ಹೋಗಿದ್ದೆ. ಊರಿನವರೆಲ್ಲ ಒಳಗೆ ಬಂದು ನೋಡಲಿ ಎಂದು ಅಲ್ಲಿಯವರು ಬಾಗಿಲು ತೆರೆದಿಡುವ ದಿನ ಅದು. ಮಕ್ಕಳಿಗೆ ಒಳ್ಳೆಯ ಊಟದ ಬಗ್ಗೆ ಹೇಳಿಕೊಡುವ ಮೇಜಿನ ಮೇಲೆ ಸಾರಿನ ಪಾತ್ರೆಯ ಪಕ್ಕ ನಿಂಬೆಹಣ್ಣಿನಷ್ಟು ರಾಗಿಮುದ್ದೆಗಳು ಹಬೆಯಾಡುತ್ತಿದ್ದವು. ಆ ವಾಸನೆ ನನ್ನನ್ನು ನೇರ ಮತ್ತಿಗಿರಿಯ ನಮ್ಮ ಅಡುಗೆಮನೆಗೆ ಎಳೆದೊಯ್ದಿತು.

ಚಿಕ್ಕವನಿದ್ದಾಗ ನಾನು ಮುದ್ದೆ ಅಗಿಯುತ್ತಿದ್ದೆ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. ಜವಳಗಿರಿಯಿಂದ ಸೋದರಮಾವ ಊಟಕ್ಕೆ ಬರುವ ದಿನ ಅಜ್ಜಿ ಬೆಳಗ್ಗೆಯೇ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ಅವ್ನ ಮುಂದೆ ಅಗ್ದು ನನ್ ಮಾನ ಕಳೀಬೇಡ ಕಣ್ಲಾ. ನನ್ ಗಂಟ್ಲು ನೋಡು."

ತುತ್ತು ಮುರಿದು, ಸೊಪ್ಪಿನ ಸಾರಿನಲ್ಲಿ ಹೊರಳಿಸಿ ನುಂಗಿದಳು. ಸುಕ್ಕುಗಟ್ಟಿದ ಕತ್ತಿನೊಳಗೆ ಅದು ಇಳಿದುಹೋಗುವುದು ಕಾಣುತ್ತಿತ್ತು. ನಾಲ್ಕನೇ ಸಲಕ್ಕೆ ನನ್ನ ತುತ್ತೂ ಜಾರಿತು. ಮಧ್ಯಾಹ್ನ ಮಾವನ ಎದುರು ಒಂದೂವರೆ ಮುದ್ದೆ ಇಳಿಸಿದೆ. ಅಜ್ಜಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದಳು.

ನಿನ್ನೆ ಮೇಜಿನ ಹಿಂದಿದ್ದ ವಿದ್ಯಾರ್ಥಿನಿ, "ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗೀಬೇಕು" ಎನ್ನುವಷ್ಟರಲ್ಲಿ ನನ್ನ ಮಗಳು ಒಂದು ತುತ್ತನ್ನು ಹಾಗೇ ನುಂಗಿಬಿಟ್ಟಳು. ವಿದ್ಯಾರ್ಥಿನಿ ಗಾಬರಿಯಾದಳು.

"ಮುದ್ದೆ ಅಗೀಬಾರ್ದು ಅಕ್ಕಾ. ನನ್ ಗಂಟ್ಲು ನೋಡಿ" ಎಂದು ಮಗಳು ಇನ್ನೊಂದು ತುತ್ತು ಮುರಿದು ಸಾರಿಗೆ ಅದ್ದಿದಳು.

ಸಾಲಿನಲ್ಲಿದ್ದ ಮಕ್ಕಳೆಲ್ಲ ಮೇಜು ಬಿಟ್ಟು ಅವಳ ಕತ್ತನ್ನೇ ನೋಡತೊಡಗಿದರು. ಆ ವಿದ್ಯಾರ್ಥಿನಿಯೂ.